ವಾರ್ಡ್ ನಿಧಿಯೋ, ಲಾಟರಿ ದುಡ್ಡೋ?

ಇಂಗ್ಲೆಂಡಿನಲ್ಲಿ ಶನಿವಾರದ ಕನ್ನಡ ತರಗತಿ ನಡೆಸುವ ಸಣ್ಣ ಬಳಗಕ್ಕೆ ಹಾಲ್ ಬಾಡಿಗೆ, ಪುಸ್ತಕ, ಪ್ರೊಜೆಕ್ಟರ್‌ಗೆ ದುಡ್ಡು ಬೇಕು ಅಂದುಕೊಳ್ಳಿ. ತಟ್ಟಬಹುದಾದ ಬಾಗಿಲು ಮುಖ್ಯವಾಗಿ ಎರಡು: ಸ್ಥಳೀಯ ಕೌನ್ಸಿಲ್, ಇಲ್ಲವೇ ನ್ಯಾಷನಲ್ ಲಾಟರಿ ದುಡ್ಡಿನಿಂದ ಬಳಗಗಳಿಗೆ ಅನುದಾನ ಕೊಡುವ ‘ಅವಾರ್ಡ್ಸ್ ಫಾರ್ ಆಲ್’ ಯೋಜನೆ.

ಲಾಟರಿ ನಿಧಿ 300ರಿಂದ 20,000 ಪೌಂಡ್‌ವರೆಗೆ ಕೊಡುತ್ತದೆ, ಎರಡು ವರ್ಷದ ಕೆಲಸಕ್ಕೂ ಸಿಗುತ್ತದೆ. ಆದರೆ ಉತ್ತರ ಬರಲು ತಿಂಗಳುಗಳೇ ಬೇಕು. ನವೆಂಬರ್ ರಾಜ್ಯೋತ್ಸವಕ್ಕೆ ಸೆಪ್ಟೆಂಬರಿನಲ್ಲಿ ಅರ್ಜಿ ಹಾಕಿ ಪ್ರಯೋಜನವಿಲ್ಲ. ಗಣೇಶನ ಪೂಜೆಯಂಥ ಧಾರ್ಮಿಕ ಕಾರ್ಯಕ್ಕೆ ಇಲ್ಲಿ ದುಡ್ಡಿಲ್ಲ. ಅಕ್ಕಪಕ್ಕದವರೂ ಬಂದು ಸೇರುವ ಸಾಂಸ್ಕೃತಿಕ ಕಾರ್ಯಕ್ರಮವಾದರೆ ಮಾತು ಬೇರೆ.

ಎರಡೂ ಕಡೆ ಬಳಗದ ಲಿಖಿತ ನಿಯಮಾವಳಿ, ಬಳಗದ ಹೆಸರಿನ ಬ್ಯಾಂಕ್ ಖಾತೆ ಕೇಳುವುದು ವಾಡಿಕೆ. ನಮ್ಮವರು ಎಡವುವುದು ಇಲ್ಲೇ: ಗಂಡ ಅಧ್ಯಕ್ಷ, ಹೆಂಡತಿ ಖಜಾಂಚಿ, ಸಮಿತಿ ಮುಗಿಯಿತು! ಲಾಟರಿಯವರಿಗೆ ಸಮಿತಿಯಲ್ಲಿ ಪರಸ್ಪರ ಸಂಬಂಧಿಕರಲ್ಲದ ಇಬ್ಬರಾದರೂ ಬೇಕೇ ಬೇಕು.

ಕೌನ್ಸಿಲ್ ಮೊತ್ತ ಚಿಕ್ಕದು, ನಿಯಮ ಊರಿಗೊಂದು. ಹಲವೆಡೆ ಕೌನ್ಸಿಲರ್ ಕೈಯಲ್ಲೇ ಒಂದಿಷ್ಟು ವಾರ್ಡ್ ನಿಧಿ ಇರುತ್ತದೆ. ಅವರನ್ನು ನೇರವಾಗಿ ಕಂಡು ಮಾತಾಡಬಹುದು. ಆರ್ಥಿಕ ವರ್ಷ ಏಪ್ರಿಲ್‌ನಲ್ಲಿ ಶುರುವಾಗುವುದರಿಂದ ಬೇಗ ಕೇಳಿದವರಿಗೇ ಲಾಭ.

ಪ್ರೊಜೆಕ್ಟರ್ ಒಂದೇ ಸಾಕೆಂದರೆ ಕೌನ್ಸಿಲ್‌ಗೆ ಹೋಗಿ. ವರ್ಷವಿಡೀ ಬಾಡಿಗೆ ಕಟ್ಟಬೇಕೆಂದರೆ ಲಾಟರಿ ಅರ್ಜಿಗೇ ಕೂರಿ. ಯಾವುದಾದರೂ ಸರಿ, ಮಂಜೂರಾಗುವ ಮೊದಲು ಸಾಮಾನು ಕೊಳ್ಳಬೇಡಿ. ಆಗಿಹೋದ ಖರ್ಚನ್ನು ಸಾಮಾನ್ಯವಾಗಿ ಯಾರೂ ತುಂಬಿಕೊಡುವುದಿಲ್ಲ.