ಪ್ರಿನ್ಸ್ ಆಫ್ ಪರ್ಷಿಯಾ: ಇಂದಿನ ಕಂಪ್ಯೂಟರಿನಲ್ಲಿ ಆಡಲು ನಾಲ್ಕು ದಾರಿ

ಹಳೆಯ ಫ್ಲಾಪಿಯಿಂದಲೋ ಸಿಡಿಯಿಂದಲೋ ಉಳಿಸಿಕೊಂಡ ಪ್ರಿನ್ಸ್ ಆಫ್ ಪರ್ಷಿಯಾ ಆಟದ ಡಾಸ್ (ವಿಂಡೋಸಿಗೂ ಹಿಂದಿನ ಕಾರ್ಯಾಚರಣಾ ವ್ಯವಸ್ಥೆ) ಫೈಲುಗಳು ನಿಮ್ಮ ಬಳಿ ಇದ್ದರೆ, ಇಂದಿನ ವಿಂಡೋಸಿನಲ್ಲಿ ಅವುಗಳ ಮೇಲೆ ಎರಡು ಸಲ ಕ್ಲಿಕ್ ಮಾಡಿ ನೋಡಿ. ಈ ಪ್ರೋಗ್ರಾಂ ನಿಮ್ಮ ಕಂಪ್ಯೂಟರಿನಲ್ಲಿ ನಡೆಯುವುದಿಲ್ಲ ಎಂಬ ಒಂದೇ ಮಾತಿನಲ್ಲಿ ಕತೆ ಮುಗಿಯುತ್ತದೆ. ಫೈಲು ಕೆಟ್ಟಿಲ್ಲ. ಆಟ ಬರೆದಿರುವುದು 16 ಬಿಟ್‌ನ ಡಾಸ್‌ಗಾಗಿ; 64 ಬಿಟ್‌ನ ವಿಂಡೋಸಿನಲ್ಲಿ ಅಂಥ ಪ್ರೋಗ್ರಾಂಗಳನ್ನು ನಡೆಸುವ ವ್ಯವಸ್ಥೆಯೇ ಇಲ್ಲ. ಕಾಂಪ್ಯಾಟಿಬಿಲಿಟಿ ಮೋಡ್ ಬದಲಿಸಿದರೂ, ಅಡ್ಮಿನಿಸ್ಟ್ರೇಟರ್ ಆಗಿ ನಡೆಸಿದರೂ ಪ್ರಯೋಜನವಿಲ್ಲ. ಬೇರೆ ದಾರಿ ಹುಡುಕಲೇಬೇಕು. ಹಳೆಯ ತಂತ್ರಾಂಶಗಳನ್ನು ಕಾಪಿಡುವ ಇಂಟರ್ನೆಟ್ ಆರ್ಕೈವ್ ಜಾಲತಾಣದಲ್ಲಿ ಬ್ರೌಸರಿನೊಳಗೇ ಆಡುವುದು, ಹಳೆಯ ಕಂಪ್ಯೂಟರನ್ನು ಅನುಕರಿಸುವ ಡಾಸ್‌ಬಾಕ್ಸ್, ಇದೇ ಆಟವನ್ನು ಇಂದಿನ ಕಂಪ್ಯೂಟರಿಗೆ ಮತ್ತೆ ಕಟ್ಟಿದ ಎಸ್‌ಡಿಎಲ್‌ಪಾಪ್, ಹಳೆಯ ವಿಂಡೋಸ್ ಎಕ್ಸ್‌ಪಿ ಇರುವ ಯಂತ್ರ: ಈ ನಾಲ್ಕರಲ್ಲೂ ಮನಸ್ಸಿಟ್ಟು ಆಡಿದ ಮೇಲೆ ಬರೆಯುತ್ತಿದ್ದೇನೆ.

ಯಾವುದು ಒಳ್ಳೆಯದು ಎಂದು ಅಳೆಯುವುದು ಹೇಗೆ? ಚಿತ್ರ ಚೆಂದವಾಗಿ ಕಾಣುತ್ತದೆಯೇ ಎಂಬುದು ನನಗೆ ಎರಡನೆಯ ಪ್ರಶ್ನೆ. ಮೊದಲನೆಯದು, ಕೀಲಿ ಒತ್ತಿದಾಗ ರಾಜಕುಮಾರನ ಕಾಲು ಯಾವಾಗ ಏಳುತ್ತದೆ ಎಂಬುದು. ಆಟವನ್ನು ರಚಿಸಿದ ಜೋರ್ಡನ್ ಮೆಕ್ನರ್ 1985ರಲ್ಲಿ ತನ್ನ ತಮ್ಮ ಡೇವಿಡ್‌ನನ್ನು ಓಡಿಸಿ, ಹಾರಿಸಿ, ವೀಡಿಯೊದಲ್ಲಿ ಹಿಡಿದು, ಆ ಚಿತ್ರಗಳ ಮೇಲಿಂದಲೇ ಒಂದೊಂದು ಭಂಗಿಯನ್ನೂ ಬರೆದ. 1989ರಲ್ಲಿ ಆಪಲ್ 2 ಕಂಪ್ಯೂಟರಿಗೆ ಬಂದ ಆಟ ಮರುವರ್ಷ ಡಾಸ್‌ಗೆ ಬಂತು. ನಿಜವಾದ ಹುಡುಗನ ಓಟವನ್ನು ಆಧರಿಸಿದ ಕಾರಣ ರಾಜಕುಮಾರ ಒತ್ತಿದ ಕ್ಷಣಕ್ಕೆ ಪುಟಿಯುವುದಿಲ್ಲ. ಇಟ್ಟ ಹೆಜ್ಜೆಯನ್ನು ಮುಗಿಸಿ ಆಮೇಲೆ ಹಾರುತ್ತಾನೆ. ಆಟ ಸೆಕೆಂಡಿಗೆ ಸುಮಾರು 12 ಚಿತ್ರಗಳ ಲೆಕ್ಕದಲ್ಲಿ ಸಾಗುತ್ತದೆ. ಅಂದರೆ ಒಂದು ಚಿತ್ರಕ್ಕೆ ಸುಮಾರು 83 ಮಿಲಿಸೆಕೆಂಡ್. ಆಟದೊಳಗೇ ಇಷ್ಟು ವಿಳಂಬ ಇರುವಾಗ, ಅದನ್ನು ನಡೆಸುವ ತಂತ್ರಾಂಶ ತನ್ನದೂ ಒಂದಿಷ್ಟು ವಿಳಂಬ ಸೇರಿಸಿದರೆ ಮುಳ್ಳಿನ ಗುಂಡಿಯ ಅಂಚಿನಲ್ಲಿ ಕೈಯ ಲೆಕ್ಕ ತಪ್ಪುತ್ತದೆ. ಹಾಗಾಗಿ ನಾಲ್ಕೂ ಕಡೆ ಒಂದೇ ಪರೀಕ್ಷೆ ಮಾಡಿದೆ: ಶಿಫ್ಟ್ ಹಿಡಿದು ಅಂಚಿನವರೆಗೆ ಮೆಲ್ಲನೆ ಹೆಜ್ಜೆ, ಓಡಿ ಬಂದು ಹಾರುವುದು, ಕಾವಲುಗಾರನೊಂದಿಗೆ ಕತ್ತಿಕಾಳಗ.

ಬ್ರೌಸರಿನ ದಾರಿಯನ್ನು ಬೇಗ ಮುಗಿಸಬಹುದು. ಇಂಟರ್ನೆಟ್ ಆರ್ಕೈವ್ 2015ರ ಜನವರಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಡಾಸ್ ಆಟಗಳನ್ನು ಬ್ರೌಸರಿನಲ್ಲೇ ಆಡುವಂತೆ ಇಟ್ಟಿತು. ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಆಟವನ್ನು ಎಂದೂ ನೋಡಿರದ ಮಗನಿಗೋ ಮಗಳಿಗೋ ತೋರಿಸಲು ಇದಕ್ಕಿಂತ ಸುಲಭವಾದ ದಾರಿ ಇಲ್ಲ. ಆದರೆ ಮೊದಲ ಹಂತ ದಾಟಿ ಗಂಭೀರವಾಗಿ ಆಡಲು ಕೂತರೆ ತೊಡಕುಗಳು ಒಂದೊಂದಾಗಿ ಏಳುತ್ತವೆ. ಈ ಆಟದ ಆಜ್ಞೆಗಳೆಲ್ಲ ಕಂಟ್ರೋಲ್ ಕೀಲಿಯ ಮೇಲೆ ನಿಂತಿವೆ: ಕಂಟ್ರೋಲ್-ಎ ಹಂತವನ್ನು ಮೊದಲಿನಿಂದ ಶುರು ಮಾಡುತ್ತದೆ, ಕಂಟ್ರೋಲ್-ಜಿ ಆಟವನ್ನು ಉಳಿಸುತ್ತದೆ, ಕಂಟ್ರೋಲ್-ಎಲ್ ಉಳಿಸಿದ್ದನ್ನು ತೆರೆಯುತ್ತದೆ. ಇವೇ ಕೀಲಿಗಳಿಗೆ ಬ್ರೌಸರಿನಲ್ಲಿ ಬೇರೆ ಕೆಲಸ ಉಂಟು. ಎಲ್ಲ ಆಯ್ಕೆ ಮಾಡು, ಹುಡುಕು, ವಿಳಾಸದ ಪಟ್ಟಿಗೆ ಹೋಗು. ಯಾವ ಒತ್ತು ಆಟಕ್ಕೆ ತಲುಪುತ್ತದೆ, ಯಾವುದನ್ನು ಬ್ರೌಸರ್ ಕಸಿದುಕೊಳ್ಳುತ್ತದೆ ಎಂಬ ಭರವಸೆಯೇ ಇರುವುದಿಲ್ಲ. ಉಳಿಸಿದ ಆಟವೂ ಟ್ಯಾಬ್ ಮುಚ್ಚಿದ ಮೇಲೆ ನನಗೆ ಮರಳಿ ಸಿಗಲಿಲ್ಲ. ಓಡಿ ಹಾರುವಾಗ ಕಾಲು ತುಸು ತಡವಾಗಿ ಏಳುತ್ತದೆ; ಹಿಂದೆ ಹತ್ತಾರು ಟ್ಯಾಬ್ ತೆರೆದಿದ್ದರೆ ಸಂಗೀತವೂ ತಡವರಿಸುತ್ತದೆ. ನೋಡಲು ಸರಿ, ಮುಗಿಸಲು ಅಲ್ಲ.

ವಿಂಡೋಸ್ ಎಕ್ಸ್‌ಪಿ ಇರುವ 32 ಬಿಟ್ ಯಂತ್ರ ಅಟ್ಟದ ಮೇಲಿದ್ದರೆ ಅದನ್ನೂ ಇಳಿಸಿ ನೋಡಬಹುದು. ಅದರಲ್ಲಿ ಡಾಸ್ ಪ್ರೋಗ್ರಾಂಗಳನ್ನು ನಡೆಸುವ ಏರ್ಪಾಡು ಒಳಗೇ ಇದೆ; ಆಟ ನೇರವಾಗಿ ತೆರೆಯುತ್ತದೆ, ಪೂರ್ಣ ಪರದೆಗೂ ಹೋಗುತ್ತದೆ. ಹಳೆಯ ಸಿಆರ್‌ಟಿ ಮಾನಿಟರ್ ಜೊತೆಗಿದ್ದರೆ ನೆಲಮಾಳಿಗೆಯ ಆ ನೀಲಿ ಇಟ್ಟಿಗೆಗಳ ಬಣ್ಣಕ್ಕೆ ಸಾಟಿಯೇ ಇಲ್ಲ. ತೊಂದರೆ ಬರುವುದು ಶಬ್ದದಲ್ಲಿ. ನನ್ನ ಯಂತ್ರದಲ್ಲಿ ಕತ್ತಿಯ ಸದ್ದು ಹರಿದು ಹರಿದು ಬಂತು, ಸಂಗೀತ ಅಲ್ಲಲ್ಲಿ ಕಡಿಯಿತು. ಆಟದ ಹೆಸರು ಬರೆದು, ಜಾಗ ಬಿಟ್ಟು, ಅದರ ನಂತರ ‘ಎಸ್‌ಟಿಡಿಎಸ್‌ಎನ್‌ಡಿ’ ಎಂಬ ಅಕ್ಷರಗಳನ್ನು ಟೈಪ್ ಮಾಡಿ ನಡೆಸಿದರೆ ಕಂಪ್ಯೂಟರಿನ ಒಳಗಿನ ಪುಟ್ಟ ಸ್ಪೀಕರಿನ ಕೀಚು ದನಿಗೆ ಇಳಿಯುತ್ತದೆ, ಕಡಿತ ನಿಲ್ಲುತ್ತದೆ. ಯಂತ್ರ ಆಗಲೇ ಮನೆಯಲ್ಲಿದ್ದರೆ ಸರಿ. ಇದಕ್ಕಾಗಿಯೇ ಹಳೆಯ ಯಂತ್ರ ಕೊಳ್ಳುವುದು ಬೇಡ. ಇಂಟರ್ನೆಟ್ಟಿಗಂತೂ ಅದನ್ನು ಜೋಡಿಸಲೇಬೇಡಿ. ಎಕ್ಸ್‌ಪಿಗೆ ಸುರಕ್ಷತಾ ಅಪ್‌ಡೇಟ್ ನಿಂತದ್ದು 2014ರಲ್ಲಿ.

ನಿಜವಾದ ಸ್ಪರ್ಧೆ ಇರುವುದು ಡಾಸ್‌ಬಾಕ್ಸ್ ಮತ್ತು ಎಸ್‌ಡಿಎಲ್‌ಪಾಪ್ ನಡುವೆ.

ಡಾಸ್‌ಬಾಕ್ಸ್ ಇಡೀ ಹಳೆಯ ಕಂಪ್ಯೂಟರನ್ನೇ, ಶಬ್ದ ಹೊರಡಿಸುವ ಅದರ ಸೌಂಡ್ ಬ್ಲಾಸ್ಟರ್ ಕಾರ್ಡ್ ಸಮೇತ, ತಂತ್ರಾಂಶದಲ್ಲಿ ಅನುಕರಿಸುತ್ತದೆ. ಅದರೊಳಗೆ ನಡೆಯುವುದು ನಿಮ್ಮ ಬಳಿ ಇರುವ ಮೂಲ ಫೈಲೇ. ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಸಿಗುತ್ತದೆ. ನಾನು ಬಳಸಿದ್ದು 2019ರಲ್ಲಿ ಬಂದ 0.74-3 ಆವೃತ್ತಿ. ಹೊಸಬರು ಮೊದಲು ಗಾಬರಿಯಾಗುವುದು ಅದು ತೆರೆದಾಗ ಕಾಣುವ ಖಾಲಿ ಕಪ್ಪು ಪರದೆಗೆ. ಅಲ್ಲಿ ಕಾಣುವುದು ‘ಝಡ್’ ಡ್ರೈವ್. ನಿಮ್ಮ ಹಾರ್ಡ್‌ಡಿಸ್ಕನ್ನು ಡಾಸ್‌ಬಾಕ್ಸ್ ತಾನಾಗಿ ನೋಡುವುದಿಲ್ಲ. ಆಟದ ಫೋಲ್ಡರ್ ಎಲ್ಲಿದೆ ಎಂದು ‘ಮೌಂಟ್’ ಆಜ್ಞೆಯಿಂದ ತಿಳಿಸಿ, ಆಮೇಲೆ ಸಿ ಡ್ರೈವ್‌ಗೆ ಬಂದು ‘ಪ್ರಿನ್ಸ್’ ಎಂದು ಕೊಡಬೇಕು. ಪ್ರತಿ ಸಲ ಇದನ್ನು ಟೈಪ್ ಮಾಡುವುದು ಬೇಸರ. ಸ್ಟಾರ್ಟ್ ಮೆನುವಿನಲ್ಲಿ ಡಾಸ್‌ಬಾಕ್ಸ್ ಆಪ್ಷನ್ಸ್ ಎಂಬುದನ್ನು ತೆರೆದರೆ ಒಂದು ಉದ್ದದ ಪಠ್ಯ ಫೈಲು ಬರುತ್ತದೆ. ಅದರ ಕಟ್ಟಕಡೆಯ ‘ಆಟೋಎಕ್ಸೆಕ್’ ಭಾಗದಲ್ಲಿ ಇದೇ ಸಾಲುಗಳನ್ನು ಒಮ್ಮೆ ಬರೆದಿಟ್ಟರೆ ಮುಂದೆ ಐಕಾನ್ ಒತ್ತಿದೊಡನೆ ಆಟ ಶುರು. ಆಟದ ಫೋಲ್ಡರನ್ನು ‘ಪ್ರೋಗ್ರಾಂ ಫೈಲ್ಸ್’ ಒಳಗೆ ಇಡಬೇಡಿ. ಅಲ್ಲಿ ಫೈಲು ಬರೆಯಲು ವಿಂಡೋಸ್ ಸಲೀಸಾಗಿ ಬಿಡುವುದಿಲ್ಲ, ಉಳಿಸಿದ ಆಟ ಕಾಣೆಯಾಗುತ್ತದೆ.

ಅದೇ ಫೈಲಿನಲ್ಲಿ ಇನ್ನೂ ಒಂದು ತಿದ್ದುಪಡಿ ಕಡ್ಡಾಯ ಎನ್ನುತ್ತೇನೆ. ಈ ಆಟದ ಚಿತ್ರ 320×200 ಚುಕ್ಕೆಗಳದ್ದು. ಆ ಕಾಲದ ಮಾನಿಟರು ಅದನ್ನು 4:3 ಅಳತೆಗೆ ಹಿಗ್ಗಿಸಿ ತೋರಿಸುತ್ತಿತ್ತು, ಅಂದರೆ ಪ್ರತಿ ಚುಕ್ಕೆಯೂ ಅಗಲಕ್ಕಿಂತ ಎತ್ತರ ಹೆಚ್ಚಿನದು. ಡಾಸ್‌ಬಾಕ್ಸ್‌ನ ಈ ಆವೃತ್ತಿ ಇದ್ದದ್ದು ಇದ್ದಂತೆ ಚೌಕ ಚುಕ್ಕೆಗಳಲ್ಲಿ ತೋರಿಸುತ್ತದೆ. ಆಗ ಕಂಬಗಳು ಗಿಡ್ಡವಾಗುತ್ತವೆ, ನೀಳಕಾಯದ ರಾಜಕುಮಾರ ಕುಳ್ಳಗೆ ಕಾಣುತ್ತಾನೆ. ‘ಆಸ್ಪೆಕ್ಟ್’ ಎಂಬುದನ್ನು ‘ಟ್ರೂ’ ಮಾಡಿ, ‘ಔಟ್‌ಪುಟ್’ ಎದುರು ‘ಓಪನ್‌ಜಿಎಲ್’ ಬರೆದು, ಕಿಟಕಿಯ ಅಳತೆಯನ್ನು 1280×960 ಮಾಡಿದ ಮೇಲೆ ಅವನ ಮೈಕಟ್ಟು ಸರಿಯಾಗುತ್ತದೆ. ಈ ಒಂದು ಬದಲಾವಣೆಯಿಂದ ಆಟದ ಚೆಲುವು ಎಷ್ಟು ಮರಳುತ್ತದೆ ಎಂಬುದನ್ನು ಮಾಡಿ ನೋಡಿಯೇ ತಿಳಿಯಬೇಕು.

ವೇಗದ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಆಟ ತನ್ನ ಹೆಜ್ಜೆಗಳನ್ನು ಗಡಿಯಾರದ ಲೆಕ್ಕದಲ್ಲಿ ಇಡುವುದರಿಂದ, ಪ್ರೊಸೆಸರ್ ವೇಗವಾದ ಮಾತ್ರಕ್ಕೆ ರಾಜಕುಮಾರ ಹುಚ್ಚು ಓಟ ಓಡುವುದಿಲ್ಲ. ಆರಂಭದ ದೃಶ್ಯಗಳು ತಡವರಿಸಿದರೆ ಕಂಟ್ರೋಲ್ ಹಿಡಿದು ಎಫ್12 ಒತ್ತಿ, ಒಂದೊಂದು ಒತ್ತಿಗೂ ಅನುಕರಣೆಯ ವೇಗ ಏರುತ್ತದೆ; ಎಫ್11 ಇಳಿಸುತ್ತದೆ. ಪಕ್ಕದ ಕೀಲಿಗಳ ವಿಚಾರದಲ್ಲಿ ಎಚ್ಚರ: ಕಂಟ್ರೋಲ್-ಎಫ್9 ಒತ್ತಿದರೆ ಡಾಸ್‌ಬಾಕ್ಸ್ ಕೇಳದೆ ಹೇಳದೆ ಮುಚ್ಚಿಕೊಳ್ಳುತ್ತದೆ. ಮೌಸ್ ಕಿಟಕಿಯೊಳಗೆ ಸಿಕ್ಕಿಕೊಂಡರೆ ಬಿಡಿಸುವುದು ಕಂಟ್ರೋಲ್-ಎಫ್10. ಶಬ್ದದಲ್ಲಿ ಡಾಸ್‌ಬಾಕ್ಸ್ ಬಲು ಗಟ್ಟಿ. ಮೆಕ್ನರ್‌ನ ತಂದೆ ಫ್ರಾನ್ಸಿಸ್ ಮೆಕ್ನರ್ ಕಟ್ಟಿದ ಆ ಸಂಗೀತ, ಗೇಟು ಏಳುವಾಗಿನ ಕಿರ್ರೆನ್ನುವ ಸದ್ದು, ಮುಳ್ಳುಗಳು ನೆಲದಿಂದ ಮೇಲೆದ್ದಾಗಿನ ಸದ್ದು ಎಲ್ಲವೂ ಕಡಿತವಿಲ್ಲದೆ ಬಂದವು.

ಒಂದು ಹಳೆಯ ಅಡ್ಡಿ ಮಾತ್ರ ಡಾಸ್‌ಬಾಕ್ಸ್‌ನಲ್ಲಿ ಹಾಗೇ ಉಳಿಯುತ್ತದೆ, ಏಕೆಂದರೆ ಅದು ಮೂಲ ಆಟದಲ್ಲೇ ಇದೆ. ನನ್ನ ಪ್ರತಿಯಲ್ಲಿ ಮೊದಲ ಹಂತ ಮುಗಿದೊಡನೆ ಬಾಟಲಿಗಳ ಸಾಲೊಂದು ಎದುರಾಗುತ್ತದೆ. ಕೈಪಿಡಿಯ ಇಂಥ ಪುಟದ, ಇಂಥ ಸಾಲಿನ, ಇಂಥ ಪದದ ಮೊದಲ ಅಕ್ಷರ ಯಾವುದೋ ಆ ಅಕ್ಷರದ ಬಾಟಲಿಯನ್ನೇ ಕುಡಿಯಬೇಕು. ನಕಲು ತಡೆಯಲು ಇಟ್ಟ ಕಾವಲು ಅದು. ತೊಂಬತ್ತರ ದಶಕದಲ್ಲಿ ನಮ್ಮ ಕಾಲೇಜು ಲ್ಯಾಬುಗಳಲ್ಲಿ ಕೈಯಿಂದ ಕೈಗೆ ಹೋಗುತ್ತಿದ್ದ ಫ್ಲಾಪಿಗಳ ಜೊತೆ ಕೈಪಿಡಿ ಎಂದಾದರೂ ಇರುತ್ತಿತ್ತೇ? ನಿಮ್ಮ ಬಳಿ ಅದು ಇಲ್ಲದಿದ್ದರೆ ಇಲ್ಲೇ ನಿಲ್ಲುತ್ತೀರಿ.

ಎಸ್‌ಡಿಎಲ್‌ಪಾಪ್ ಗೆಲ್ಲುವುದು ಮೊದಲಿಗೆ ಇಲ್ಲೇ: ಈ ಕಾವಲು ಬೇಡವೆಂದರೆ ಅದರಲ್ಲಿ ತೆಗೆದುಬಿಡಬಹುದು. ಮೆಕ್ನರ್‌ನ ಮೂಲ ಆಪಲ್ 2 ಸೋರ್ಸ್ ಕೋಡ್, ಅಂದರೆ ಅವನು ಬರೆದ ಪ್ರೋಗ್ರಾಂನ ಪಠ್ಯ, ಕಳೆದೇಹೋಗಿತ್ತು. ಫ್ಲಾಪಿಗಳು ಅವನ ತಂದೆಯ ಮನೆಯಲ್ಲಿ ಸಿಕ್ಕಿ 2012ರಲ್ಲಿ ಅದು ಎಲ್ಲರಿಗೂ ತೆರೆದುಕೊಂಡಿತು. ಎಸ್‌ಡಿಎಲ್‌ಪಾಪ್ ಹುಟ್ಟಿದ್ದು ಅದರಿಂದಲ್ಲ. ಡೇವಿಡ್ ನಾಗಿ ಎಂಬ ಪ್ರೋಗ್ರಾಮರ್ ಡಾಸ್ ಆವೃತ್ತಿಯ ಯಂತ್ರಭಾಷೆಯನ್ನೇ ಬಿಡಿಸಿ ಓದಿ, ಸಿ ಭಾಷೆಯಲ್ಲಿ ಮತ್ತೆ ಕಟ್ಟಿದ. ಈ ಕೆಲಸದ ಹಿಂದಿನ ತಾಳ್ಮೆಗೆ ನಾನು ಮನಸಾರೆ ತಲೆಬಾಗುತ್ತೇನೆ, ಏಕೆಂದರೆ ಅಂಚಿನ ಮೇಲಿನ ಆ ಅರ್ಧ ಹೆಜ್ಜೆಯವರೆಗೂ ಇದು ಡಾಸ್ ಆಟವೇ. ಬೇರೆ ರೀಮೇಕುಗಳಲ್ಲಿ ರಾಜಕುಮಾರ ಚೆಂದ ಕಂಡರೂ ಕಾಲು ಅವನದಲ್ಲ ಅನ್ನಿಸುತ್ತದೆ. ಇಲ್ಲಿ ಹಾಗಾಗಲಿಲ್ಲ.

ಸ್ಥಾಪನೆ ಎಂಬುದೇ ಇಲ್ಲ. ಜಿಪ್ ಫೈಲು ಇಳಿಸಿ, ಬಿಚ್ಚಿ, ಒಳಗಿನ ‘ಪ್ರಿನ್ಸ್’ ಫೈಲನ್ನು ತೆರೆಯುವುದು. ಬಿಚ್ಚುವುದನ್ನು ಮರೆತು ಜಿಪ್‌ನೊಳಗಿಂದಲೇ ತೆರೆದರೆ ‘ಡೇಟಾ’ ಫೋಲ್ಡರ್ ಸಿಗದೆ ಆಟ ನಿಲ್ಲುತ್ತದೆ. ಪ್ರಕಾಶಕರು ಯಾರೆಂದು ತಿಳಿಯದ ಪ್ರೋಗ್ರಾಂ ಎಂದು ವಿಂಡೋಸ್ ತಡೆಯುವುದೂ ಉಂಟು. ಯೋಜನೆಯ ಗಿಟ್‌ಹಬ್ ಪುಟದಿಂದಲೇ ಇಳಿಸಿದ್ದಾದರೆ ‘ಹೆಚ್ಚಿನ ಮಾಹಿತಿ’ ಒತ್ತಿ ಮುಂದುವರಿಯಬಹುದು. ಲಿನಕ್ಸಿನಲ್ಲಿ ಎಸ್‌ಡಿಎಲ್2 ಲೈಬ್ರರಿಗಳನ್ನು ಹಾಕಿಕೊಂಡು ‘ಮೇಕ್’ ಕೊಟ್ಟರೆ ಕೆಲಸ ಮುಗಿಯಿತು. ಜೊತೆಗಿರುವ ಐಎನ್‌ಐ ಎಂಬ ಸೆಟ್ಟಿಂಗ್ಸ್ ಫೈಲಿನಲ್ಲಿ ಆ ಬಾಟಲಿ ಕಾವಲು ಬೇಕೋ ಬೇಡವೋ, 4:3 ಅಳತೆ ಬೇಕೋ, ಪೂರ್ಣ ಪರದೆಯಲ್ಲಿ ಶುರುವಾಗಬೇಕೋ ಎಂಬುದೆಲ್ಲ ಒಂದೊಂದು ಸಾಲಿನಲ್ಲಿ ತೀರ್ಮಾನವಾಗುತ್ತದೆ. ಮೂಲ ಆಟದ ಹಳೆಯ ದೋಷಗಳನ್ನು ಒಂದೊಂದಾಗಿ ಸರಿಪಡಿಸಿಕೊಳ್ಳಬಹುದು, ಬೇಡವೆಂದರೆ ಹಾಗೇ ಬಿಡಬಹುದು. ನಾನು ಹಾಗೇ ಬಿಟ್ಟೆ.

ಎಫ್6 ಒತ್ತಿದರೆ ಹಂತದ ನಡುವೆಯೇ ಆಟ ಉಳಿಯುತ್ತದೆ, ಎಫ್9 ಅಲ್ಲಿಗೇ ಮರಳಿಸುತ್ತದೆ. ಮೂಲದಲ್ಲಿ ಇದು ಇಲ್ಲ. ಅಲ್ಲಿ ಮೂರನೆಯ ಹಂತದಿಂದಷ್ಟೇ ಉಳಿಸಲು ಸಾಧ್ಯ, ಅದೂ ಹಂತದ ಆರಂಭಕ್ಕೆ. 60 ನಿಮಿಷದೊಳಗೆ ರಾಜಕುಮಾರಿಯನ್ನು ತಲುಪಬೇಕೆಂಬ ಒತ್ತಡವೇ ಆಟದ ಉಸಿರು. ಮತ್ತೆ ಮತ್ತೆ ಹಿಂದಕ್ಕೆ ಹೋಗಬಹುದಾದರೆ ಅದು ಉಳಿಯುತ್ತದೆಯೇ ಎಂಬ ಅನುಮಾನ ನನಗಿತ್ತು. ಕಟ್ಟಿದವರೂ ಇದನ್ನು ಯೋಚಿಸಿದ್ದಾರೆ: ಹೀಗೆ ಮರಳಿದಾಗ ಉಳಿದ ಸಮಯದಿಂದ ಒಂದು ನಿಮಿಷದವರೆಗೆ ದಂಡವಾಗಿ ಕಳೆಯುವ ಆಯ್ಕೆ ಇದೆ. ಅದನ್ನು ಇಟ್ಟುಕೊಂಡೇ ಆಡಿ. ನಾಲ್ಕನೆಯ ಹಂತದ ಕನ್ನಡಿಯೊಳಗೆ ಓಡಿ ಹಾರುವ ಜಾಗದಂಥ ಕಡೆ ಕಲಿಯಲು ಈ ಸೌಲಭ್ಯ ದೊಡ್ಡ ಉಪಕಾರ, ದಂಡದಿಂದಾಗಿ ಗಡಿಯಾರದ ಬಿಸಿಯೂ ಆರುವುದಿಲ್ಲ.

ನನ್ನ ಪರೀಕ್ಷೆಯಲ್ಲಿ ಕೀಲಿಗೂ ಕಾಲಿಗೂ ನಡುವಿನ ಅಂತರ ಎಸ್‌ಡಿಎಲ್‌ಪಾಪ್‌ನಲ್ಲಿ ಅತಿ ಕಡಿಮೆ ಅನ್ನಿಸಿತು, ಡಾಸ್‌ಬಾಕ್ಸ್ ಕೂದಲೆಳೆಯಷ್ಟು ಹಿಂದೆ, ಬ್ರೌಸರ್ ಬಹಳ ಹಿಂದೆ. ಆದರೆ ಯಾವ ದಾರಿ ಹಿಡಿದರೂ ಕೆಲವು ತೊಂದರೆಗಳು ಹುಟ್ಟುವುದು ಕೀಬೋರ್ಡಿನಲ್ಲೇ. ಕತ್ತಿಕಾಳಗದಲ್ಲಿ ಶಿಫ್ಟ್ ಒತ್ತಿದರೆ ಏಟು. ಕಾವಲುಗಾರನನ್ನು ಗೋಡೆಗೆ ಒತ್ತುತ್ತಾ ಶಿಫ್ಟನ್ನು ಐದು ಸಲ ಒತ್ತಿದಿರೋ, ವಿಂಡೋಸ್ ‘ಸ್ಟಿಕಿ ಕೀಸ್’ ಬೇಕೇ ಎಂದು ಕೇಳುತ್ತಾ ಆಟದ ಮೇಲೆ ಬಂದು ಕೂರುತ್ತದೆ. ಅಷ್ಟರಲ್ಲಿ ಅವನ ಕತ್ತಿ ನಿಮ್ಮ ಮೈಯಲ್ಲಿರುತ್ತದೆ. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ವಿಭಾಗದಲ್ಲಿ ಆ ಶಾರ್ಟ್‌ಕಟ್ಟನ್ನು ಮೊದಲೇ ಆರಿಸಿಡಿ. ಇನ್ನೊಂದು ನಂಬರ್ ಪ್ಯಾಡ್‌ನದು. ಅಲ್ಲಿನ 7 ಮತ್ತು 9 ನೇರವಾಗಿ ಎಡಕ್ಕೂ ಬಲಕ್ಕೂ ಹಾರಿಸುತ್ತವೆ, ಬಾಣದ ಎರಡು ಕೀಲಿ ಜೊತೆಯಾಗಿ ಒತ್ತುವುದಕ್ಕಿಂತ ಇದು ಖಚಿತ. ಆದರೆ ನಮ್ ಲಾಕ್ ದೀಪ ಉರಿಯುತ್ತಿದ್ದರೆ ಶಿಫ್ಟ್ ಜೊತೆ ಪ್ಯಾಡ್‌ನ ಕೀಲಿ ಒತ್ತಿದಾಗ ಶಿಫ್ಟ್ ಬಿಟ್ಟಂತೆ ವಿಂಡೋಸ್ ತಿಳಿಸುತ್ತದೆ. ಮೆಲ್ಲನೆ ಇಡಬೇಕಾದ ಹೆಜ್ಜೆ ಓಟವಾಗಿ ರಾಜಕುಮಾರ ಗುಂಡಿಗೆ ಬೀಳುತ್ತಾನೆ. ನಮ್ ಲಾಕ್ ಆರಿಸಿಯೇ ಆಡಬೇಕು.

ಈಗ ನನ್ನ ಲ್ಯಾಪ್‌ಟಾಪಿನಲ್ಲಿ ಎರಡು ಐಕಾನ್ ಉಳಿದಿವೆ. ಹನ್ನೆರಡನೆಯ ಹಂತದವರೆಗೆ ಹೋಗಿ ಆಟದ ಖಳನಾಯಕ ಜಾಫರನನ್ನು ಎದುರಿಸಬೇಕೆಂದು ಕೂತಾಗ ಎಸ್‌ಡಿಎಲ್‌ಪಾಪ್. ಮೂಲ ಫೈಲನ್ನೇ, ಅದರ ಎಲ್ಲ ಬಿಗಿ ನಿಯಮಗಳ ಜೊತೆ ಆಡಬೇಕು ಅನ್ನಿಸಿದಾಗ, ಅಥವಾ ಬೇರೆ ಡಾಸ್ ಆಟಗಳನ್ನೂ ಒಂದೇ ಕಡೆ ಇಟ್ಟುಕೊಳ್ಳಲು, ಡಾಸ್‌ಬಾಕ್ಸ್. ಒಂದನ್ನೇ ಹಾಕಿಕೊಳ್ಳುವವರಿಗೆ ಎಸ್‌ಡಿಎಲ್‌ಪಾಪ್ ಎಂದೇ ಹೇಳುತ್ತೇನೆ.