ಕೋರ್ಸ್ ಮುಗಿಸುವ ಹಟದಲ್ಲಿ ನಾವು ಕಳೆದ ಎರಡು ದಿನ

ಕಳೆದ ವರ್ಷ ನನ್ನ ತಮ್ಮನಿಗೆ ಉರಿಮೂತ್ರ ಶುರುವಾದಾಗ, ವೈದ್ಯರಿಗೆ ತೋರಿಸದೆ, ಮೆಡಿಕಲ್ ಅಂಗಡಿಯಿಂದ ಕೋ-ಟ್ರೈಮಾಕ್ಸಜೋಲ್ ಮಾತ್ರೆಗಳನ್ನು ನಾನೇ ತಂದುಕೊಟ್ಟೆ. ಅದು ಸಲ್ಫಾ ಇರುವ ಆಂಟಿಬಯಾಟಿಕ್, ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಅಂಗಡಿಯವರು ಚೀಟಿ ಕೇಳಲಿಲ್ಲ, ನನಗೂ ಅದು ಅನುಕೂಲವೇ ಆಗಿತ್ತು.

ಎಂಟನೆಯ ದಿನ ಅವನಿಗೆ ಜ್ವರ, ಗಂಟಲುನೋವು, ಕಣ್ಣುರಿ ಕಾಣಿಸಿಕೊಂಡವು. ಉರಿಮೂತ್ರ ವಾಸಿಯಾಗಿದ್ದರಿಂದ ಮಾತ್ರೆಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಮರುದಿನ ಎದೆಯ ಮೇಲೆ ಕಂದುಗೆಂಪು ಕಲೆಗಳು ಎದ್ದಾಗ ದೊಡ್ಡಮ್ಮ 'ಅಮ್ಮ ಬಂದಿದೆ' ಎಂದು ಬೇವಿನ ಸೊಪ್ಪು ಹಾಸಿ ಮಲಗಿಸಿದರು. ಚಿಕನ್‌ಪಾಕ್ಸ್ ಆಗಿದ್ದರೆ ತುರಿಕೆ ಇರುತ್ತಿತ್ತು. ಇವನು ಬಟ್ಟೆ ತಾಗಿದರೂ ಉರಿಯೆಂದು ನರಳುತ್ತಿದ್ದ. ಆದರೂ, ಆಂಟಿಬಯಾಟಿಕ್ ಅನ್ನು ಅರ್ಧಕ್ಕೆ ಬಿಡಬಾರದೆಂದು ಎಲ್ಲೋ ಓದಿದ್ದ ನಾನು ಹೊತ್ತುಹೊತ್ತಿಗೆ ಮಾತ್ರೆ ನುಂಗಿಸುತ್ತಲೇ ಇದ್ದೆ.

ಹತ್ತನೆಯ ದಿನ ಬಾಯಿತುಂಬ ಹುಣ್ಣಾಗಿ ನೀರೂ ಇಳಿಯದಾಯಿತು. ಅಂಗಿ ಬಿಚ್ಚುವಾಗ ಬೆನ್ನಿನ ಚರ್ಮ ನೆನೆದ ಕಾಗದದಂತೆ ಸುಲಿದು ಬಂದಿತು. ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಕೇಳಿದ್ದೇ ಕಳೆದ ಒಂದು ತಿಂಗಳಲ್ಲಿ ಯಾವ ಯಾವ ಮಾತ್ರೆ ಕೊಟ್ಟಿರೆಂದು. ಇದು ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್, ಹೆಚ್ಚಾಗಿ ಔಷಧ ಒಗ್ಗದೆ ಚರ್ಮ ಕಳಚುವ ಕಾಯಿಲೆ. ಚರ್ಮ ಕಳಚುವುದು ಮೈಯ ಶೇ. 10ರೊಳಗಿದ್ದರೆ ಈ ಹೆಸರು, ಶೇ. 30 ದಾಟಿದರೆ ಟಿಇಎನ್ (ಟಾಕ್ಸಿಕ್ ಎಪಿಡರ್ಮಲ್ ನೆಕ್ರೋಲಿಸಿಸ್) ಎಂಬ ಇನ್ನೂ ಭೀಕರವಾದ ಸ್ಥಿತಿ, ಅದರಲ್ಲಿ ಸುಮಾರು ಮೂವರಲ್ಲಿ ಒಬ್ಬರು ಉಳಿಯುವುದಿಲ್ಲ ಎಂದು ವಿವರಿಸಿದರು. ಮೊದಲ ಚಿಕಿತ್ಸೆಯೇ ಆ ಮಾತ್ರೆಯನ್ನು ನಿಲ್ಲಿಸುವುದಂತೆ. ಆಮೇಲಿನದೆಲ್ಲ ಸುಟ್ಟಗಾಯದವರಿಗೆ ಮಾಡುವಂಥದೇ ಆರೈಕೆ, ಜೊತೆಗೆ ದಿನವೂ ಕಣ್ಣಿನ ವೈದ್ಯರ ತಪಾಸಣೆ.

ಚರ್ಮ ಮತ್ತೆ ಬಂದಿದೆ. ಕಣ್ಣೀರು ಮಾತ್ರ ಬತ್ತಿಹೋಗಿರುವುದರಿಂದ ಇಂದಿಗೂ ಗಂಟೆಗೊಮ್ಮೆ ಹನಿ ಹಾಕಿಕೊಳ್ಳುತ್ತಾನೆ.

ಆಂಟಿಬಯಾಟಿಕ್‌ನಿಂದ ಸಣ್ಣಪುಟ್ಟ ಗಂದೆ ಏಳುವುದು ಅಪರೂಪವಲ್ಲ. ಅದಕ್ಕೆ ಬರೆದುಕೊಟ್ಟ ವೈದ್ಯರಿಗೆ ಫೋನ್ ಮಾಡಿ ಕೇಳಬಹುದು. ಆದರೆ ಹೊಸ ಮಾತ್ರೆ ಶುರುವಾದ ನಾಲ್ಕು ವಾರಗಳೊಳಗೆ ಜ್ವರದೊಂದಿಗೆ ಉರಿಯುವ ಕಲೆಗಳು, ಬಾಯಿ, ಕಣ್ಣು ಅಥವಾ ಗುಪ್ತಾಂಗದಲ್ಲಿ ಹುಣ್ಣು ಕಂಡರೆ ಮುಂದಿನ ಮಾತ್ರೆ ಕೊಡದೆ, ಮಾತ್ರೆಯ ಖಾಲಿ ಸ್ಟ್ರಿಪ್ಪನ್ನೂ ಕೈಯಲ್ಲಿ ಹಿಡಿದು, ಅದೇ ಗಳಿಗೆ ದೊಡ್ಡ ಆಸ್ಪತ್ರೆಗೆ ಹೋಗಿ. ನನ್ನ ತಮ್ಮನ ಜೇಬಿನಲ್ಲಿ ಈಗ 'ಸಲ್ಫಾ ಕೊಡಬಾರದು' ಎಂದು ಬರೆದ ಚೀಟಿ ಸದಾ ಇರುತ್ತದೆ, ಏಕೆಂದರೆ ಎರಡನೆಯ ಬಾರಿ ಆ ಔಷಧ ಮೈಸೇರಿದರೆ ಇದಕ್ಕಿಂತ ಬೇಗ, ಇದಕ್ಕಿಂತ ಜೋರಾಗಿ ಮರುಕಳಿಸಬಹುದು. ಇಂತಹ ದುಷ್ಪರಿಣಾಮವನ್ನು ರೋಗಿಯ ಕಡೆಯವರೇ 1800-180-3024 ಎಂಬ ಸರ್ಕಾರಿ ಸಹಾಯವಾಣಿಗೆ ತಿಳಿಸಬಹುದು.