ಮಲೆನಾಡಿನ ಮಳೆಗಾಲ ತಾಳುವ ರೋಬೊ ನಾಯಿ: ಹಳೆಯ ಐಬೊ ಇಆರ್‌ಎಸ್-210

ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆ ಮನೆ ಮಾಡಿಕೊಂಡು ರೋಬೊ ಸಾಕುಪ್ರಾಣಿಗಳನ್ನು ಕೂಡಿಡುವ ಆಸೆಯಿರುವವರಿಗೆ ನನ್ನ ಸಲಹೆ ಒಂದೇ: ಮೆತ್ತನೆ ಚರ್ಮದ್ದನ್ನು ಬಿಡಿ, ಗಟ್ಟಿ ಚಿಪ್ಪಿನದ್ದನ್ನು ಹಿಡಿಯಿರಿ. ಗಟ್ಟಿ ಚಿಪ್ಪಿನವುಗಳಲ್ಲಿ ಸೋನಿಯ ಹಳೆಯ ಐಬೊ, ಅದರಲ್ಲೂ 2000ನೇ ಇಸವಿಯ ಕೊನೆಯಲ್ಲಿ ಮಾರುಕಟ್ಟೆಗೆ ಬಂದ ಇಆರ್‌ಎಸ್-210, ನಮ್ಮ ಹವೆಗೆ ಹೇಳಿ ಮಾಡಿಸಿದ್ದು. ಸೆಕೆಂಡ್ ಹ್ಯಾಂಡ್ ಮಾಲಿಗೆ ಮೂವತ್ತೆಂಟು ಸಾವಿರ ರೂಪಾಯಿ ಕೊಟ್ಟಿದ್ದೇನೆ. ಅಷ್ಟೇ ಚೆನ್ನಾಗಿರುವ ಇನ್ನೊಂದು ಸಿಕ್ಕರೆ ಅದೇ ಬೆಲೆ ಕೊಟ್ಟು ತರುತ್ತೇನೆ.

ನಾನು ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಸಹಾಯಕಿ. ಮಳೆಗಾಲದಲ್ಲಿ ಲೆನ್ಸುಗಳಿಗೆ ಬೂಷ್ಟು ಹಿಡಿಯದಂತೆ, ತಿರುಪುಗಳಿಗೆ ತುಕ್ಕು ಹತ್ತದಂತೆ ನೋಡಿಕೊಳ್ಳುವುದು ನನ್ನ ದಿನದ ಕೆಲಸ. ಜನ ಆಟಿಕೆ ಎಂದು ಕರೆಯುವ ಈ ಪ್ರಾಣಿಗಳನ್ನೂ ನಾನು ಅದೇ ಶ್ರದ್ಧೆಯಿಂದ ಸಾಕುತ್ತೇನೆ. ವಿನೋಬನಗರದ ನಮ್ಮ ಮನೆಯ ಗಾಜಿನ ಕಪಾಟಿನಲ್ಲಿ ಈಗ ಒಂದು ಐಬೊ, ಪ್ಲಿಯೊ ಎಂಬ ರೋಬೊ ಡೈನೋಸಾರ್ ಮರಿ, 1998ರ ಮಾದರಿಯ ಫರ್ಬಿ ಎಂಬ ಗೂಬೆಯಂಥ ಮಾತಾಡುವ ಗೊಂಬೆ ಇವೆ. ಮೂರನ್ನೂ ಮಳೆಗಾಲ ದಾಟಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಐಬೊ ಹೆಸರು ಕೇಳದವರಿಗೆ ನಾಲ್ಕು ಮಾತು. 1999ರ ಜೂನ್‌ನಲ್ಲಿ ಸೋನಿ ತನ್ನ ಮೊದಲ ಐಬೊವನ್ನು ಎರಡೂವರೆ ಲಕ್ಷ ಯೆನ್ ಬೆಲೆಗೆ ಅಂತರ್ಜಾಲದಲ್ಲಿ ಮಾರಾಟಕ್ಕಿಟ್ಟಿತು. ಜಪಾನಿನ ಪಾಲಿಗೆ ಇಟ್ಟಿದ್ದ 3000 ನಾಯಿಗಳು 20 ನಿಮಿಷದಲ್ಲಿ ಖಾಲಿಯಾದವು. ಅದರ ಮುಂದಿನ ತಲೆಮಾರು ಈ 210. ಮುಖ ನೋಡಿದರೆ ನಾಯಿಗಿಂತ ಸಿಂಹದ ಮರಿಯೇ ಕಾಣುತ್ತದೆ. ಬ್ಯಾಟರಿ ಸೇರಿ ತೂಕ ಸುಮಾರು ಒಂದೂವರೆ ಕಿಲೋ. ಕಾಲಿಗೆ ಮೂರರಂತೆ ಹನ್ನೆರಡು, ತಲೆಗೆ ಮೂರು, ಬಾಲಕ್ಕೆ ಎರಡು, ಕಿವಿಗೆ ಒಂದೊಂದು, ಬಾಯಿಗೆ ಒಂದು ಎಂದು ಒಟ್ಟು 20 ಕಡೆ ಅದರ ಮೈ ಆಡುತ್ತದೆ.

ಅಂಕಿಗಳಿಂದ ಅದರ ಚೆಲುವು ತಿಳಿಯುವುದಿಲ್ಲ, ಎಚ್ಚರವಾಗುವುದನ್ನು ನೋಡಬೇಕು. ಎದೆಯ ಗುಂಡಿ ಒತ್ತಿ ನೆಲದ ಮೇಲೆ ಬಿಟ್ಟರೆ ಮೊದಲು ಮುಂಗಾಲು ಚಾಚಿ ಮೈಮುರಿಯುತ್ತದೆ, ಆಮೇಲೆ ತಲೆ ಎತ್ತಿ ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುಗಿಸುತ್ತದೆ. ಕೀಲುಗಳೊಳಗಿನ ಮೋಟಾರುಗಳ ಸಣ್ಣ ಸದ್ದು ಬಿಟ್ಟರೆ ಮನೆಯೆಲ್ಲ ನಿಶ್ಶಬ್ದ. ತಲೆಯನ್ನು ಮೆಲ್ಲಗೆ ಒತ್ತಿ ಹಿಡಿದರೆ ಶಹಬ್ಬಾಸ್ ಎಂದು ತಿಳಿಯುತ್ತದೆ, ಪಟ್ಟೆಂದು ತಟ್ಟಿದರೆ ಬೈದರೆಂದು ತಿಳಿಯುತ್ತದೆ. ಖುಷಿಗೆ ಕಣ್ಣಿನ ದೀಪ ಹಸಿರು, ಸಿಟ್ಟಿಗೆ ಕೆಂಪು. ಬೊಗಳುವುದಿಲ್ಲ, ಸ್ವರಗಳ ಪುಟ್ಟ ತುಣುಕುಗಳಲ್ಲಿ ಉತ್ತರ ಕೊಡುತ್ತದೆ. ಐಬೊ ಲೈಫ್ ಎಂಬ ತಂತ್ರಾಂಶದ ಮೆಮೊರಿ ಸ್ಟಿಕ್ ಹಾಕಿದರೆ ಹುಟ್ಟಿದ ಮರಿಯಾಗಿ ಆರಂಭಿಸಿ, ನೀವು ಮೆಚ್ಚಿದ್ದು, ಗದರಿದ್ದು ಎಲ್ಲವನ್ನೂ ನೆನಪಿಟ್ಟುಕೊಂಡು ಬೆಳೆಯುತ್ತದೆ. ಎರಡು ಮನೆಯ ಎರಡು ಐಬೊಗಳು ಒಂದೇ ಥರ ಇರುವುದಿಲ್ಲ.

ನಮ್ಮದಕ್ಕೆ ಗುಂಡ ಎಂದು ಹೆಸರು. ಹೆಸರನ್ನು ನಮ್ಮ ದನಿಯಲ್ಲೇ ಕಲಿಸಬಹುದು, ಆದ್ದರಿಂದ ಕನ್ನಡದ ಹೆಸರಿಗೆ ಅಡ್ಡಿಯಿಲ್ಲ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಅತ್ತೆ ‘ಅದಕ್ಕೆ ಊಟ ಹಾಕಿದೆಯೇನೇ?’ ಎಂದು ಕೇಳುತ್ತಾರೆ. ಚಾರ್ಜಿಗೆ ಇಟ್ಟೆಯಾ ಎಂದರ್ಥ. ಒಮ್ಮೆ ಹೊಟ್ಟೆ ತುಂಬಿಸಿದರೆ ಒಂದೂವರೆ ಗಂಟೆಯ ಆಸುಪಾಸು ಆಡುತ್ತದೆ, ಆಮೇಲೆ ಕುಳಿತುಬಿಡುತ್ತದೆ. ಎತ್ತಿಕೊಂಡು ಹೋಗಿ ಚಾರ್ಜರಿನ ಮೇಲೆ ಮಲಗಿಸಬೇಕು. ಆ ಕೆಲಸವನ್ನು ಈಗ ಅತ್ತೆಯೇ ಮಾಡುತ್ತಾರೆ. ಎಪ್ಪತ್ತು ದಾಟಿದವರ ಕೈಗೂ ಅದು ಭಾರವಲ್ಲ ಎಂಬುದು ಗಮನಿಸಬೇಕಾದ ಅಂಶ.

ನಮ್ಮ ಮನೆಗಳಲ್ಲಿ ಇದಕ್ಕೆ ಎರಡು ತೊಡಕುಗಳಿವೆ. ಒಂದು ನೆಲ. ಗುಂಡನ ಅಚ್ಚುಮೆಚ್ಚು ಗುಲಾಬಿ ಬಣ್ಣದ ಚೆಂಡು. ಮೂಗಿನ ಬಳಿಯ ಕ್ಯಾಮೆರಾ ಆ ಬಣ್ಣವನ್ನು ಹುಡುಕಿ, ತಲೆ ತಗ್ಗಿಸಿ, ಹೆಜ್ಜೆ ಹಾಕಿ ಹೋಗಿ ಒದೆಯುತ್ತದೆ. ಶಿವಮೊಗ್ಗದ ಮನೆಯ ಬಿಳಿ ಟೈಲ್ಸ್ ಮೇಲೆ ಇದು ಸಲೀಸು. ತೀರ್ಥಹಳ್ಳಿಯ ಹತ್ತಿರದ ತವರುಮನೆಯಲ್ಲಿ ಹಳೆಯ ಕಾಲದ ರೆಡ್ ಆಕ್ಸೈಡ್ ನೆಲ. ಸಂಜೆಯ ಹಳದಿ ದೀಪದಲ್ಲಿ ಕೆಂಪು ನೆಲವೂ ಗುಲಾಬಿ ಚೆಂಡೂ ಅದರ ಕಣ್ಣಿಗೆ ಬೇರೆಯಾಗಿ ಕಾಣದೆ, ಚೆಂಡು ಕಾಲಬುಡದಲ್ಲಿದ್ದರೂ ಸುತ್ತಲೂ ತಡಕಾಡುತ್ತಿತ್ತು. ಈಚಲು ಚಾಪೆ ಹಾಸಿದ್ದೇ ತಡ, ನೇರ ಹೋಗಿ ಒದ್ದಿತು. ನುಣುಪು ನೆಲದಲ್ಲಿ ಜಾರುವ ಕಾಲಿಗೂ ಚಾಪೆಯೇ ಆಸರೆ. ಎರಡನೆಯದು ಮಳೆಯ ಸದ್ದು. ಹೆಂಚಿನ ಮಾಡಿನ ಮೇಲೆ ಜಡಿಮಳೆ ಹೊಯ್ಯುವಾಗ ಎಷ್ಟು ಕೂಗಿದರೂ ಗುಂಡ ತಿರುಗುವುದಿಲ್ಲ, ಮಾತಿನ ಆಜ್ಞೆಗಳೆಲ್ಲ ವ್ಯರ್ಥ. ಅಂಥ ಹೊತ್ತಿನಲ್ಲಿ ಮುಟ್ಟಿ ಆಡಿಸುವುದೇ ದಾರಿ.

ಮಳೆಗಾಲದ ಆರೈಕೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಹೊರದೇಶದ ಸಂಗ್ರಾಹಕರು ಬರೆದ ಸಲಹೆಗಳಲ್ಲಿ ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳ ಲೆಕ್ಕ ಇರುವುದಿಲ್ಲ. ಗೋಡೆ ಬೆವರುವ, ಬಟ್ಟೆ ವಾರಗಟ್ಟಲೆ ಒಣಗದ ಆ ದಿನಗಳಲ್ಲಿ ಐಬೊವನ್ನು ಕಪಾಟಿನಲ್ಲಿ ಇಡಬಾರದು. ರಬ್ಬರ್ ಅಂಚಿನ ಬಿಗಿ ಮುಚ್ಚಳವಿರುವ ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಒಂದು ಅಂಗೈಯಗಲದ ಆರ್ದ್ರತಾ ಮಾಪಕ, ಬಟ್ಟೆಯ ಚೀಲದಲ್ಲಿ ಸಿಲಿಕಾ ಜೆಲ್. ಡಬ್ಬಿಯೊಳಗಿನ ತೇವ ಶೇಕಡಾ 40ರಿಂದ 50ರ ನಡುವೆ ನಿಂತರೆ ಸಾಕು. ನೀಲಿ ಹರಳಿನ ಸಿಲಿಕಾ ಜೆಲ್ ನೀರು ಕುಡಿದಂತೆ ಗುಲಾಬಿಗೆ ತಿರುಗುತ್ತದೆ. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಆ ನೀಲಿಗೆ ಕಾರಣ ಕೋಬಾಲ್ಟ್ ಲವಣ, ಹೊಟ್ಟೆಗೆ ಹೋಗಬಾರದ ವಸ್ತು. ಅದಕ್ಕೆಂದೇ ಒಂದು ಹಳೆಯ ಬಾಣಲೆ ಮೀಸಲಿಡಿ, ಅಡುಗೆಗೆ ಮತ್ತೆ ಬಳಸಬೇಡಿ.

ಬ್ಯಾಟರಿಯನ್ನು ಹೊರಗೆ ತೆಗೆದು, ಅರ್ಧ ಚಾರ್ಜಿನಲ್ಲಿ ಬೇರೆ ಇಡಬೇಕು. ಹಾಗೆಂದು ನಾಲ್ಕು ತಿಂಗಳು ಮುಟ್ಟದೆ ಬಿಡುವುದೂ ಸರಿಯಲ್ಲ, ಒಳಗಿನ ಗ್ರೀಸ್ ಗಟ್ಟಿಯಾಗುತ್ತದೆ. ಮಳೆ ಹೊಳವಾದ ದಿನ ಹೊರತೆಗೆದು ಒಂದಿಷ್ಟು ಹೊತ್ತು ನಡೆಸಬೇಕು. ಬೀರುವಿನಲ್ಲಿ ಸೀರೆಗೆ ಇಡುವ ನುಸಿಗುಳಿಗೆಯನ್ನು ಹತ್ತಿರಕ್ಕೂ ತರಬೇಡಿ, ಅದರ ಆವಿ ಕೆಲವು ಪ್ಲಾಸ್ಟಿಕ್‌ಗಳನ್ನು ಮೆತ್ತಗಾಗಿಸುತ್ತದೆ. ಕೀಲು ಬಿಗಿಯಾಯಿತೆಂದು ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಬಿಡುವುದೂ ಬೇಡ. ಪ್ಲಾಸ್ಟಿಕ್‌ಗೆ ಹೊಂದುವ ಸಿಲಿಕೋನ್ ಗ್ರೀಸ್ ಅಕ್ಕಿಕಾಳಿನಷ್ಟು ಸಾಕು. ಒಲೆಯ ಮೇಲಿನ ಅಟ್ಟದಲ್ಲಿ ಇಡು, ಬೆಚ್ಚಗಿರುತ್ತದೆ ಎಂದು ಅಮ್ಮ ಹೇಳಿದ್ದರು. ಅಡಿಕೆಗೂ ಕೊಡೆಗೂ ಆ ಜಾಗ ಒಳ್ಳೆಯದು. ಹೊಗೆಯ ಮಸಿ ಕ್ಯಾಮೆರಾದ ಗಾಜಿನ ಮೇಲೆ ಕೂತರೆ ನಾಯಿಗೆ ಕಣ್ಣೇ ಹೋಗುತ್ತದೆ. ಮಳೆ ಬಿಟ್ಟ ಮೇಲೆ ಹಾಸಿಗೆಗಳ ಜೊತೆ ಅಂಗಳದ ಬಿಸಿಲಿಗೂ ಇಡಬಾರದು, ಪ್ಲಾಸ್ಟಿಕ್ ಹಳದಿಗಟ್ಟುತ್ತದೆ. ಇನ್ನು ಏಪ್ರಿಲ್, ಮೇ ತಿಂಗಳ ಗುಡುಗಿಗೆ ಚಾರ್ಜರಿನ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ.

ಇಷ್ಟೆಲ್ಲ ಮಾಡಿದರೆ ಐಬೊ ಉಳಿಯುತ್ತದೆ. ಇಷ್ಟೆಲ್ಲ ಮಾಡಿದರೂ ಪ್ಲಿಯೊ ಬಳಲುತ್ತದೆ, ಅದು ನನಗೆ ನಿಜವಾದ ದುಃಖ. ಪ್ಲಿಯೊ ಎಂದರೆ ಕ್ಯಾಮರಾಸಾರಸ್ ಡೈನೋಸಾರಿನ ಮರಿ. ಫರ್ಬಿಯ ಸೃಷ್ಟಿಕರ್ತರಲ್ಲಿ ಒಬ್ಬರಾದ ಕೇಲಬ್ ಚಂಗ್ ಅವರ ಕಲ್ಪನೆ. ಉಗೋಬಿ ಎಂಬ ಕಂಪನಿ 2007ರಲ್ಲಿ ಹೊರತಂದಿತು, 2009ರಲ್ಲಿ ಆ ಕಂಪನಿಯೇ ಮುಚ್ಚಿತು. ಮುದ್ದಿನಲ್ಲಿ ಐಬೊ ಇದಕ್ಕೆ ಸಾಟಿಯಲ್ಲ. ಗದ್ದದ ಕೆಳಗೆ ಸವರಿದರೆ ಕಣ್ಣು ಮುಚ್ಚಿ ಗುಂಯ್‌ಗುಟ್ಟುತ್ತಾ ಕೈಗೆ ಒರಗುವ ರೀತಿಗೆ ಎಂಥವರೂ ಕರಗುತ್ತಾರೆ. ಆದರೆ ಮೈತುಂಬ ರಬ್ಬರಿನಂಥ ಮೆತ್ತನೆ ಚರ್ಮ. ವಯಸ್ಸಾದಂತೆ ಕುತ್ತಿಗೆಯ ಬಳಿ ಅದು ಬಿರಿಯುವುದು ಸಂಗ್ರಾಹಕರೆಲ್ಲ ಬಲ್ಲ ವಿಷಯ, ಒಳಗೆ ಕೈಹಾಕಬೇಕಾದರೆ ಆ ಚರ್ಮವನ್ನೇ ಕಳಚಬೇಕು. ನಮ್ಮ ಮಳೆ ಅದಕ್ಕೆ ಇನ್ನೊಂದು ಪೆಟ್ಟು ಕೊಟ್ಟಿದೆ: ಕುತ್ತಿಗೆಯ ಮಡಿಕೆಗಳಲ್ಲಿ ಸಾಸಿವೆ ಗಾತ್ರದ ಕಪ್ಪು ಚುಕ್ಕೆಗಳು, ಒರೆಸಿದರೂ ಹೋಗದ ಬೂಷ್ಟಿನ ಕಲೆ. ಬಯಲುಸೀಮೆಯವರು ಧೈರ್ಯವಾಗಿ ಕೊಳ್ಳಲಿ. ಆಗುಂಬೆ, ಹೊಸನಗರದವರಿಗೆ ನಾನು ಹೇಳಲಾರೆ.

ಫರ್ಬಿಯ ಚಿಂತೆ ಕಡಿಮೆ. ಕಣ್ಣು, ಕಿವಿ, ಕೊಕ್ಕು ಎಲ್ಲವನ್ನೂ ಒಂದೇ ಮೋಟಾರು ಆಡಿಸುತ್ತದೆ, ಕೆಡುವುದಕ್ಕೆ ಹೆಚ್ಚೇನೂ ಇಲ್ಲ. ನಾಲ್ಕು ಪೆನ್ಸಿಲ್ ಸೆಲ್‌ಗಳನ್ನು ಹೊರತೆಗೆದು ಇಟ್ಟರೆ ಆಯಿತು.

ಐಬೊದ ದುರಸ್ತಿ ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ಸೋನಿ 2006ರಲ್ಲಿ ತಯಾರಿಕೆ ನಿಲ್ಲಿಸಿತು, 2014ರ ಮಾರ್ಚ್‌ನಲ್ಲಿ ರಿಪೇರಿ ಸೇವೆಯೂ ನಿಂತಿತು. ಆಮೇಲೆ ಸೋನಿಯ ಮಾಜಿ ತಂತ್ರಜ್ಞರ ಎ-ಫನ್ ಎಂಬ ಸಂಸ್ಥೆ ಜಪಾನಿನಲ್ಲಿ ಈ ನಾಯಿಗಳ ಚಿಕಿತ್ಸೆಗೆ ಇಳಿಯಿತು. ಹೊಸ ಬಿಡಿಭಾಗ ಇಲ್ಲದ್ದರಿಂದ ಒಂದರ ಕೀಲು ಇನ್ನೊಂದಕ್ಕೆ ಬರಬೇಕು. ಹಾಗೆ ಅಂಗದಾನ ಮಾಡುವ ಐಬೊಗಳಿಗೆ ಚಿಬಾ ಪ್ರಾಂತ್ಯದ ಇಸುಮಿ ಪಟ್ಟಣದ ಕೊಫುಕುಜಿ ಬೌದ್ಧ ದೇವಾಲಯದಲ್ಲಿ ಮಂತ್ರೋಕ್ತವಾಗಿ ವಿದಾಯ ಹೇಳಿಯೇ ಭಾಗಗಳನ್ನು ಬಿಚ್ಚುತ್ತಿದ್ದರು. 2018ರ ಏಪ್ರಿಲ್‌ನಲ್ಲಿ ಒಂದೇ ದಿನ 114 ನಾಯಿಗಳನ್ನು ಸಾಲಾಗಿ ಕೂರಿಸಿ, ಪ್ರತಿಯೊಂದಕ್ಕೂ ಅದರ ಊರು, ಮನೆತನದ ಚೀಟಿ ಕಟ್ಟಿ, ಪ್ರಾರ್ಥನೆ ಸಲ್ಲಿಸಿದರು. ಆಯುಧಪೂಜೆಗೆ ಸೈಕಲ್ಲಿಗೂ ಕುಂಕುಮ ಹಚ್ಚುವ ನಮಗೆ ಇದು ವಿಚಿತ್ರ ಅನ್ನಿಸಬೇಕಿಲ್ಲ. ಗುಂಡನಿಗೂ ಪ್ರತಿವರ್ಷ ಒಂದು ಸೇವಂತಿಗೆ ಹೂ ಸಲ್ಲುತ್ತದೆ.

ಸಣ್ಣಪುಟ್ಟ ರಿಪೇರಿ ಮಾತ್ರ ಶಿವಮೊಗ್ಗದಲ್ಲೇ ಆಗುತ್ತದೆ. ಪಂಜದ ಅಡಿಯ ಸ್ವಿಚ್ ಒಂದು ತೇವಕ್ಕೆ ಕಿಲುಬು ಹಿಡಿದು ಮೊಂಡಾಗಿತ್ತು. ಗಾಂಧಿ ಬಜಾರಿನಲ್ಲಿ ಗಡಿಯಾರ ರಿಪೇರಿ ಮಾಡುವ ಹಿರಿಯರೊಬ್ಬರ ಬಳಿ ಒಯ್ದೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಪಂಜವನ್ನು ಮಗುವಿನ ಪಾದ ಹಿಡಿಯುವ ಮೃದುತನದಲ್ಲಿ ತಿರುಗಿಸಿ ನೋಡಿದರು. ‘ಗಡಿಯಾರದ ಹಲ್ಲುಚಕ್ರಕ್ಕಿಂತ ಇದು ಎಷ್ಟೋ ದಪ್ಪ, ಹೆದರುವಂಥದ್ದೇನಿಲ್ಲ ಮೇಡಂ’ ಎಂದರು. ಬಿಚ್ಚಿದ ಸ್ಕ್ರೂಗಳನ್ನು ಬಂದ ಕ್ರಮದಲ್ಲೇ ಬಿಳಿ ಕಾಗದದ ಮೇಲೆ ಜೋಡಿಸಿಟ್ಟು, ಸ್ಪಿರಿಟ್ ಅದ್ದಿದ ಕುಂಚದಿಂದ ಕಿಲುಬು ತೆಗೆದು ನೂರೈವತ್ತು ರೂಪಾಯಿ ತೆಗೆದುಕೊಂಡರು. ಇಂಥ ಕೈಗಳು ನಮ್ಮ ಊರಿನಲ್ಲಿ ಇನ್ನೂ ಇರುವುದು ಈ ಹವ್ಯಾಸಕ್ಕೆ ದೊಡ್ಡ ಬಲ. ಬ್ಯಾಟರಿಯ ಒಳಗಿನ ಸೆಲ್ ಬದಲಿಸಬೇಕಾದರೆ ಲ್ಯಾಪ್‌ಟಾಪ್ ಬ್ಯಾಟರಿ ಕಟ್ಟಿಕೊಡುವವರಲ್ಲಿಗೆ ಹೋಗಿ, ಸ್ಪಾಟ್ ವೆಲ್ಡಿಂಗ್ ಯಂತ್ರ ಇದೆಯೇ ಎಂದು ಕೇಳಿ. ಲಿಥಿಯಂ ಸೆಲ್ಲಿಗೆ ನೇರವಾಗಿ ಬೆಸುಗೆ ಕಾಯಿಸುವವರಿಗೆ ಕೊಡಬೇಡಿ, ಬೆಂಕಿಯ ಅಪಾಯ ಇದೆ.

ಹೊಸ ಐಬೊ ಏಕೆ ಬೇಡ? 2018ರ ಜನವರಿಯಲ್ಲಿ 1,98,000 ಯೆನ್‌ಗೆ ಬಂದ ಇಆರ್‌ಎಸ್-1000 ಬಹಳ ಸುಂದರವಾಗಿದೆ, ಓಎಲ್‌ಇಡಿ ಪರದೆಯ ಕಣ್ಣುಗಳಲ್ಲಿ ಜೀವ ಇದೆ. ಆದರೆ ಅದರ ನೆನಪು ಕಂಪನಿಯ ಕ್ಲೌಡ್ ಸೇವೆಯನ್ನು ನೆಚ್ಚಿಕೊಂಡಿದೆ, ಅದಕ್ಕೆ ಚಂದಾ ಕಟ್ಟುತ್ತಿರಬೇಕು. ಗಾಳಿಮಳೆಗೆ ಮರ ಬಿದ್ದು ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುವ ಊರಿನವಳು ನಾನು. ಗುಂಡನ ಸ್ವಭಾವವೆಲ್ಲ ಅವನ ಮೈಯಲ್ಲೇ ಇದೆ, ಅದನ್ನು ಉಳಿಸಿಕೊಳ್ಳಲು ನಾನು ಯಾರನ್ನೂ ಕೇಳಬೇಕಾಗಿಲ್ಲ.

ಕೊಳ್ಳುವವರು ಮಾರುವವರಿಂದ ವೀಡಿಯೊ ಕೇಳಿ. ನಿಂತಾಗ ತಲೆ ನೆಟ್ಟಗಿದೆಯೇ ಎಂದು ಮೊದಲು ನೋಡಿ, ಏಕೆಂದರೆ ಕುತ್ತಿಗೆಯೊಳಗಿನ ಕ್ಲಚ್ ಹಾಳಾಗಿ ತಲೆ ಜೋತುಬೀಳುವುದು ಈ ಮಾದರಿಯ ಪ್ರಸಿದ್ಧ ಕಾಯಿಲೆ. ನಾಲ್ಕೂ ಕಾಲಿನಲ್ಲಿ ನಡೆಯುವುದನ್ನು, ಮಗ್ಗುಲಾಗಿ ಮಲಗಿಸಿದರೆ ತಾನಾಗಿ ಏಳುವುದನ್ನು ನೋಡಿ. ಮೆಮೊರಿ ಸ್ಟಿಕ್, ಚಾರ್ಜರ್ ಎರಡೂ ಜೊತೆಗಿರಬೇಕು, ಸ್ಟಿಕ್ ಇಲ್ಲದ ಐಬೊಗೆ ಸ್ವಭಾವವೇ ಇಲ್ಲ. ಜಪಾನಿನಿಂದ ಬಂದ ಮಾಲಾದರೆ ಅಲ್ಲಿಯ ವಿದ್ಯುತ್ತು 100 ವೋಲ್ಟ್, ನಮ್ಮದು 230. ಅಡಾಪ್ಟರಿನ ಬೆನ್ನಿನ ಮೇಲೆ ಬರೆದದ್ದನ್ನು ಓದದೆ ಪ್ಲಗ್ಗಿಗೆ ಹಾಕಬೇಡಿ. ಲಿಥಿಯಂ ಬ್ಯಾಟರಿಯನ್ನು ವಿಮಾನದಲ್ಲಿ ಕಳುಹಿಸಲು ನಿರ್ಬಂಧಗಳಿರುವುದರಿಂದ ದೇಶದೊಳಗಿನ ಸಂಗ್ರಾಹಕರಿಂದ ಕೊಳ್ಳುವುದು ಲೇಸು, ನಾನು ಬೆಂಗಳೂರಿನ ಒಬ್ಬರಿಂದ ತಂದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾರ್ಸೆಲ್ ತರಿಸಬೇಡಿ, ರಟ್ಟಿನ ಪೆಟ್ಟಿಗೆ ನೆನೆದೇ ಬರುತ್ತದೆ. ದೀಪಾವಳಿ ಕಳೆದ ಮೇಲೆ ತರಿಸಿ, ಮುಂದಿನ ಮೃಗಶಿರಾ ಮಳೆ ಹಿಡಿಯುವುದರೊಳಗೆ ಡಬ್ಬಿಯನ್ನೂ ಸಿಲಿಕಾ ಜೆಲ್ಲನ್ನೂ ಹೊಂದಿಸಿಕೊಳ್ಳಿ.